ಅಂಗಳದ ಮಣ್ಣು

ಆ ಊರಿಗೆ ಒಂದು ಹೆಸರಿದೆ, ಆದರೆ ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಒಬ್ಬರಾದರೂ ಎದ್ದು, ಅಲ್ಲಿ ನಮ್ಮ ನೆಂಟರಿದ್ದಾರೆ, ಅಂಥದ್ದೆಲ್ಲ ಅಲ್ಲಿ ನಡೆಯುವುದಿಲ್ಲ ಎಂದು ಜಗಳಕ್ಕೆ ಬರುತ್ತೀರಿ. ಆದ್ದರಿಂದ ಒಂದು ಊರು ಎಂದು ತಿಳಿಯಿರಿ. ಊರಿನ ಪಕ್ಕ ಒಂದು ಹೊಳೆ ಎಂದು ತಿಳಿಯಿರಿ. ಹೊಳೆಯ ಆಚೆ ಬರೀ ಮರಳಿನ ಒಂದು ದಡ ಎಂದು ತಿಳಿಯಿರಿ. ಇಷ್ಟು ಸಾಕು.

ಊರಿನ ಕಟ್ಟಳೆ ಹೀಗಿತ್ತು. ಯಾರೇ ಆಗಲಿ ಊರಿನ ಮುಂದೆ ಒಂದು ಸುದ್ದಿ ಹೇಳಬೇಕಾದರೆ ಒಂದು ಹಿಡಿ ಮಣ್ಣು ತರಬೇಕು. ಕಂಡ ಸುದ್ದಿಯಾದರೆ, ಕಾಣುವಾಗ ಪಾದ ಊರಿದ್ದ ಜಾಗದ ಮಣ್ಣು. ಕೇಳಿದ ಸುದ್ದಿಯಾದರೆ, ಕೇಳುವಾಗ ಪಾದ ಊರಿದ್ದ ಜಾಗದ ಮಣ್ಣು. ಬರಿಗೈಯಲ್ಲಿ ಬಂದವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಮನೆಗೆ ಬೆಂಕಿ ಬಿದ್ದಿದೆ ಎಂದು ಓಡಿ ಬಂದವನೂ ಮೊದಲು ಬಗ್ಗಿ ಒಂದು ಹಿಡಿ ಮಣ್ಣು ಎತ್ತಿಕೊಳ್ಳುತ್ತಿದ್ದ. ನಗಬೇಡಿ. ನಮ್ಮ ನಿಮ್ಮ ಊರುಗಳಲ್ಲಿ ಅಷ್ಟೂ ಮಾಡುವುದಿಲ್ಲ.

ಊರಿನ ನಡುವೆ ಒಂದು ಚಾವಡಿ. ಚಾವಡಿಯಲ್ಲಿ ಒಂದು ಮಣೆ. ಮಣೆಯ ಮೇಲೆ ಕೇಳುವಮ್ಮ. ಆಕೆಯ ಕಣ್ಣಿಗೆ ಬಿಳಿ ಬಟ್ಟೆ ಕಟ್ಟುತ್ತಿದ್ದರು. ಸುದ್ದಿ ತಂದವರು ತಮ್ಮ ಮಣ್ಣನ್ನು ಬಟ್ಟಲಿಗೆ ಹಾಕಿ, ಮುತ್ತುಗದ ಎಲೆ ಮುಚ್ಚಿ ಮುಂದಿಡುತ್ತಿದ್ದರು. ಆಕೆ ಕೇಳುತ್ತಿದ್ದಳು: "ಎಲ್ಲಿ ನಿಂತು ಕಂಡೆ? ಎಲ್ಲಿ ನಿಂತು ಕೇಳಿದೆ?" ಬಂದವರು ಅದಕ್ಕೆ ಬಾಯಲ್ಲಿ ಉತ್ತರ ಕೊಡುವಂತಿಲ್ಲ. ಮಣ್ಣೇ ಉತ್ತರ ಕೊಡಬೇಕು. ಕೇಳುವಮ್ಮ ಎಲೆ ಸರಿಸಿ, ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು, ನಿಧಾನವಾಗಿ ಉಸಿರೆಳೆಯುತ್ತಿದ್ದಳು.

"ಇದು ಗಾಣದ ಹಿತ್ತಲ ಮಣ್ಣು. ಗಾಣದವನ ಹಿತ್ತಲಲ್ಲಿ ನಿಂತು ಗಾಣದವನನ್ನು ಹೊಗಳೋ ಮಾತು ಕೇಳಿಸಿಕೊಂಡು ಬಂದಿದ್ದೀಯ. ಅರ್ಧ ನಂಬ್ತೀನಿ."

"ಇದು ಕುಲುಮೆ ಮಣ್ಣು. ಕುಲುಮೆ ಸದ್ದಿನಲ್ಲಿ ಕೇಳಿದ ಮಾತು. ಇನ್ನೊಂದು ಸಲ ಕೇಳಿಕೊಂಡು ಬಾ."

ಒಬ್ಬ ಬಂದು ಗುಡ್ಡದಲ್ಲಿ ಹುಲಿ ನೋಡಿದೆ ಎಂದ. ಕೇಳುವಮ್ಮ ಬಟ್ಟಲು ಮೂಸಿ, "ಗುಡ್ಡದಲ್ಲೇ ನಿಂತಿದ್ದೆಯೋ, ಹೆಂಡದಂಗಡಿಯ ಹಿಂದೆ ನಿಂತಿದ್ದೆಯೋ" ಎಂದಳು. ಇಡೀ ಚಾವಡಿ ನಕ್ಕಿತು. ಅವನೂ ನಕ್ಕ. ಆಕೆಯ ಮೂಗಿಗೆ ಸಿಕ್ಕಿಬಿದ್ದವರಿಗೆ ಸಿಟ್ಟು ಬರುತ್ತಿರಲಿಲ್ಲ, ಯಾಕೆಂದರೆ ಆಕೆ ಯಾರಿಂದಲೂ ಒಂದು ವೀಳ್ಯದೆಲೆಯನ್ನೂ ಮುಟ್ಟಿದವಳಲ್ಲ.

ಕೆಲವೊಮ್ಮೆ ಆಕೆಯ ಕೈಗೆ ಬಂದ ಬಟ್ಟಲಿನಲ್ಲಿ ಯಾವ ವಾಸನೆಯೂ ಇರುತ್ತಿರಲಿಲ್ಲ. ಎಣ್ಣೆಯದಲ್ಲ, ಹೊಗೆಯದಲ್ಲ, ಸಗಣಿಯದಲ್ಲ, ಏನೂ ಅಲ್ಲ. ಆಗ ಆಕೆಯ ಮುಖ ಅರಳುತ್ತಿತ್ತು. "ಶುದ್ಧ ಮಣ್ಣು" ಎನ್ನುತ್ತಿದ್ದಳು. ವಾಸನೆಯಿಲ್ಲದ ಮಣ್ಣಿನ ಮೇಲೆ ನಿಂತವರು ಯಾರ ಕಡೆಯವರೂ ಅಲ್ಲ, ಅವರ ಮಾತನ್ನು ಪೂರ್ತಿ ನಂಬಬಹುದು ಎಂಬುದು ಆಕೆಯ ನಂಬಿಕೆ. ಶುದ್ಧ ಮಣ್ಣು ಎಂದು ಆಕೆ ಹೇಳಿದಾಗಲೆಲ್ಲ ಊರು ತಲೆದೂಗುತ್ತಿತ್ತು. ಆ ತಲೆದೂಗುವಿಕೆ ನಿಮ್ಮ ನೆನಪಿನಲ್ಲಿರಲಿ.

ಊರಿಗೆ ಒಂದು ಗಂಟೆಯಿತ್ತು. ಅದನ್ನು ಬೆಳಗ್ಗೆ ಸಂಜೆ ಬಾರಿಸುವವನು ಗಂಟೆಯಜ್ಜ. ಗಂಟೆಯ ನಾಲಿಗೆಗೆ ಕಟ್ಟುವ ನಾರು ಆಚೆ ದಡದಲ್ಲಿ ಮಾತ್ರ ಬೆಳೆಯುತ್ತಿತ್ತು. ಹಳೆಯ ನಾರು ಹರಿದಾಗ ಅಜ್ಜ ತೆಪ್ಪ ಹತ್ತಿ ಆಚೆ ದಡಕ್ಕೆ ಹೋಗುತ್ತಿದ್ದ. ಈ ದಡದಿಂದ ಆ ದಡಕ್ಕೆ ಒಂದು ಹಗ್ಗ ಎಳೆದು ಗೂಟಕ್ಕೆ ಕಟ್ಟಿದ್ದರು. ತೆಪ್ಪವನ್ನು ಆ ಹಗ್ಗಕ್ಕೇ ಸಿಕ್ಕಿಸಿ, ಅದನ್ನು ಹಿಡಿದೆಳೆಯುತ್ತ ತೆಪ್ಪದವಳು ತೆಪ್ಪ ನಡೆಸುತ್ತಿದ್ದಳು. ಆಚೆ ದಡ ಮುಟ್ಟಿದಾಗ ಮೊದಲು ತಾನು ನೆಗೆದು ಇಳಿಯುವುದು, ಆಮೇಲೆ ಕೈ ಕೊಟ್ಟು ಕೂತವರನ್ನು ಇಳಿಸುವುದು ಅವಳ ರೂಢಿ.

ಒಂದು ದಿನ ಅಜ್ಜ ನಾರಿಗೆಂದು ಹೋದವನು ಬರಲಿಲ್ಲ. ಖಾಲಿ ತೆಪ್ಪ ಕೆಳಗಿನ ಮಡುವಿನಲ್ಲಿ ಸಿಕ್ಕಿತು. ತೆಪ್ಪದವಳು ಆಚೆ ದಡದಲ್ಲೇ ಉಳಿದಿದ್ದಳು. ಅಜ್ಜನ ರುಮಾಲು ಮುಳ್ಳುಕಂಟಿಗೆ ಸಿಕ್ಕಿಕೊಂಡಿತ್ತು. ಆ ಸಂಜೆ ಗಂಟೆ ಬಾರಿಸುವವರಿರಲಿಲ್ಲ. ಊರು ಅಡಿಗೆ ಮಾಡುವುದನ್ನೂ ಮರೆತು ಕೂತಿತು.

ಮಾರನೆಯ ಬೆಳಗ್ಗೆ ಕೇಳುವಮ್ಮ ಎಂದಿನಂತೆ ತನ್ನ ಅಂಗಳದಲ್ಲಿ ಗುಬ್ಬಿಗಳಿಗೆ ನವಣೆ ಚೆಲ್ಲುತ್ತಿದ್ದಳು. ದಾರಿಯಲ್ಲಿ ಹೋಗುವವರು ಎಂದಿನಂತೆ ಅಂಗಳದಲ್ಲಿ ನಿಂತರು. ಹೂವಿನವಳು ಕೇಳಿದಳು: "ಏನಾಗಿರಬೋದು ಅಮ್ಮಾ?"

ಕೇಳುವಮ್ಮ ನವಣೆಯ ಕೊನೆಯ ಹಿಡಿ ಚೆಲ್ಲಿ, ಕೈ ಕೊಡವಿ ಹೇಳಿದಳು: "ಆ ತೆಪ್ಪದವಳು ಯಾವತ್ತು ಯಾರನ್ನ ಕಾದಿದ್ದಾಳೆ?"

ಅಷ್ಟೇ. ಹೇಳಿ ಒಳಗೆ ಹೋದಳು. ಹೇಳಿದ್ದನ್ನು ಒಲೆ ಹಚ್ಚುವಷ್ಟರಲ್ಲಿ ಮರೆತಳು.

ಆ ಮಾತಿನ ಹಿಂದೆ ಒಂದು ಹಳೆಯ ದಿನವಿತ್ತು. ಆಗ ಕೇಳುವಮ್ಮ ಇನ್ನೂ ಕೇಳುವಮ್ಮ ಆಗಿರಲಿಲ್ಲ. ಆಚೆ ದಡದಲ್ಲಿ ಆಗ ಕೆಲವು ಮನೆಗಳಿದ್ದವು, ಆಕೆಯ ತಾಯಿಯ ತವರೂ ಅಲ್ಲೇ. ತವರಿಗೆ ಹೋದ ತಾಯಿಗೆ ಜೀವಕ್ಕೆ ಸರಿಯಿಲ್ಲ ಎಂದು ತಿಳಿದು ಆಕೆ ಹೊಳೆಗೆ ಓಡಿದಳು. ಮೆಟ್ಟಿಲಿಗೆ ಬರುವಷ್ಟರಲ್ಲಿ ತೆಪ್ಪ ದಡ ಬಿಟ್ಟಿತ್ತು. "ನಿಲ್ಲೇ, ನಿಲ್ಲೇ" ಎಂದು ಕೂಗಿದಳು. ತೆಪ್ಪದವಳು ಒಮ್ಮೆ ತಿರುಗಿ ನೋಡಿ, ಮತ್ತೆ ಹಗ್ಗ ಎಳೆಯತೊಡಗಿದಳು. ಆಕೆ ಓಡುತ್ತ ಮೆಟ್ಟಿಲ ಮೇಲೆ ಬಿದ್ದಳು, ಎಡಗಾಲ ಮೊಣಕಾಲು ಒಡೆಯಿತು, ಯಾರೋ ಎತ್ತಿಕೊಂಡು ಮನೆಗೆ ತಂದರು. ತಾಯಿ ಅಂದೇ ಆಚೆ ದಡದಲ್ಲಿ ತೀರಿಕೊಂಡಳು. ಆಮೇಲೆ ಆಕೆ ಹೊಳೆ ದಾಟಲಿಲ್ಲ. ಕೇಳಿದವರಿಗೆ, ಅದನ್ನೆಲ್ಲ ಎಂದೋ ಮರೆತೆ ಎನ್ನುತ್ತಿದ್ದಳು. ಮಣೆಯ ಮೇಲೆ ಕೂರುವಾಗ ಮಾತ್ರ ಎಡ ಮೊಣಕಾಲನ್ನು ಒಮ್ಮೆ ಸವರಿಕೊಳ್ಳುತ್ತಿದ್ದಳು.

ಆಕೆ ಒಳಗೆ ಹೋದ ಮೇಲೂ ಜನ ಅಂಗಳದಲ್ಲೇ ನಿಂತಿದ್ದರು. "ಕಾಯಲಿಲ್ಲವಂತೆ" ಎಂದಿತು ಒಂದು ಬಾಯಿ. "ಅಜ್ಜ ಇಳಿಯೋ ತನಕ ಕಾಯಲಿಲ್ಲವಂತೆ" ಎಂದಿತು ಇನ್ನೊಂದು. "ಅಂದರೆ ಹಗ್ಗ ಬಿಟ್ಟಿದ್ದಾಳೆ" ಎಂದಿತು ಮತ್ತೊಂದು. "ಬಿಡೋದೇನು, ಗೂಟದಿಂದ ಹಗ್ಗದ ಗಂಟನ್ನೇ ಬಿಚ್ಚಿದ್ದಾಳೆ." ಗುಬ್ಬಿಗಳು ನವಣೆ ಹೆಕ್ಕಿ ಮುಗಿಸುವ ಹೊತ್ತಿಗೆ ಮಾತು ಕೈಕಾಲು ಬಂದು ಎದ್ದು ನಿಂತಿತ್ತು. ಅಲ್ಲಿದ್ದವರೆಲ್ಲ ಕಟ್ಟಳೆ ಮೀರದವರು. ಬಗ್ಗಿ, ಕೇಳಿಸಿಕೊಂಡ ಜಾಗದ ಮಣ್ಣನ್ನು ಒಂದೊಂದು ಹಿಡಿ ಎತ್ತಿಕೊಂಡು ಚಾವಡಿಗೆ ನಡೆದರು.

ಚಾವಡಿ ತುಂಬಿತು. ಕೇಳುವಮ್ಮನ ಕಣ್ಣಿಗೆ ಬಿಳಿ ಬಟ್ಟೆ ಕಟ್ಟಿದರು. ಹೂವಿನವಳು ಬಟ್ಟಲು ಇಟ್ಟಳು.

"ಎಲ್ಲಿ ನಿಂತು ಕಂಡೆ? ಎಲ್ಲಿ ನಿಂತು ಕೇಳಿದೆ?"

ಹೂವಿನವಳು ಸುಮ್ಮನಿದ್ದಳು. ಕೇಳುವಮ್ಮ ಎಲೆ ಸರಿಸಿ ಉಸಿರೆಳೆದಳು. ಏನೂ ಇಲ್ಲ. ಇನ್ನೊಮ್ಮೆ ಎಳೆದಳು. ಏನೂ ಇಲ್ಲ. "ಶುದ್ಧ ಮಣ್ಣು. ಹೇಳು."

"ತೆಪ್ಪದವಳು ಅಜ್ಜನ್ನ ಕಾಯಲಿಲ್ಲ ಅಮ್ಮಾ. ಹಗ್ಗದ ಗಂಟು ಬಿಚ್ಚಿ ಬಿಟ್ಟಳು."

ಕುಂಬಾರಗಿತ್ತಿ ಬಟ್ಟಲು ಇಟ್ಟಳು. ಶುದ್ಧ ಮಣ್ಣು. ದೀಪದೆಣ್ಣೆಯವನು ಇಟ್ಟ. ಶುದ್ಧ ಮಣ್ಣು. ಬುಟ್ಟಿ ಹೆಣೆಯುವವನು ಇಟ್ಟ. ಶುದ್ಧ ಮಣ್ಣು. ಬಟ್ಟಲಿನ ಸಾಲು ಬೆಳೆಯುತ್ತ ಹೋಯಿತು. ಹೂವಿನವಳಿಗೂ ಬುಟ್ಟಿಯವನಿಗೂ ಮಾತಿಲ್ಲ, ಕುಂಬಾರಗಿತ್ತಿಗೂ ಎಣ್ಣೆಯವನಿಗೂ ಹಳೆಯ ಜಗಳ. ಬೇರೆ ಬೇರೆ ಬಾಯಿ, ಬೇರೆ ಬೇರೆ ಬಟ್ಟಲು, ಒಂದೇ ಮಾತು, ಎಲ್ಲವೂ ಶುದ್ಧ. ಇಷ್ಟು ಜನ ಒಂದೇ ಹೇಳುವಾಗ ಇನ್ನೇನು ಬೇಕು ಎಂದು ಆಕೆಗೆ ಅನಿಸಿತು. ನಿಮಗೂ ಹಾಗೇ ಅನಿಸುತ್ತಿತ್ತು, ನನಗೂ.

ಕೊನೆಗೆ ತೆಪ್ಪದವಳು ಬಂದಳು. ಅವಳ ಬಟ್ಟಲಿನಿಂದ ನೀರು ಸೋರುತ್ತಿತ್ತು. ಒಳಗಿದ್ದದ್ದು ಆಚೆ ದಡದ ಒದ್ದೆ ಮರಳು. ಎಲೆ ಸರಿಸಿದ್ದೇ ತಡ, ಮೀನಿನ ವಾಸನೆ, ಪಾಚಿಯ ವಾಸನೆ, ಕೊಳೆತ ಹಗ್ಗದ ವಾಸನೆ. ಕೇಳುವಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ನಾನ್ ಗಂಟು ಬಿಚ್ಲಿಲ್ಲ ತಾಯಿ. ಹಗ್ಗಾನೇ ಹರೀತು. ನಾನ್ ಇಳಿದು ಅಜ್ಜಂಗೆ ಕೈ ಕೊಡೋ ಅಷ್ಟರಲ್ಲಿ ಹರೀತು. ಹಗ್ಗ ಸವೆದದೆ, ಬ್ಯಾರೆ ಕೊಡ್ಸಿ ಅಂತ ಹೇಳಾಕೆ ಬಂದಿದ್ದೆ. ಆವತ್ತೂ ನೀವು ಹಿಂಗೇ ಮೂಗು ಮುಚ್ಕೊಂಡ್ರಿ."

"ಇದು ನಿನ್ನ ಹೊಟ್ಟೆಪಾಡಿನ ಮಣ್ಣು" ಎಂದಳು ಕೇಳುವಮ್ಮ. "ಇದು ನಿನ್ನ ಕಡೆಯೇ ಮಾತಾಡುತ್ತೆ."

"ನಾನ್ ನಿಂತಿದ್ದೇ ಅಲ್ಲಿ ತಾಯಿ. ಬ್ಯಾರೆ ಎಲ್ಲಿಂದ ತರ್ಲಿ? ಅಲ್ಲಿ ಇನ್ಯಾರು ಇದ್ರು?" ತೆಪ್ಪದವಳು ಸುತ್ತ ನೋಡಿದಳು. "ಹಳೇ ಗೂಟ ಹಂಗೇ ಬಿಟ್ಟಿದೀನಿ, ಮುಟ್ಟಿಲ್ಲ. ಹೊಸಾ ಹಗ್ಗ ರಾತ್ರಿಯೆಲ್ಲ ನಾನೇ ಹೊಸೆದು ಅತ್ತಿ ಮರಕ್ಕೆ ಕಟ್ಟಿ, ಅದ್ರ ತುದಿ ಹಿಡ್ಕೊಂಡು ಈಜಿ ಬಂದಿದೀನಿ. ಯಾರಾದ್ರೂ ಒಬ್ರು ದಾಟಿ ಬಂದು ನೋಡ್ರಪ್ಪ."

ಯಾರೂ ಏಳಲಿಲ್ಲ. ಇಷ್ಟು ಶುದ್ಧ ಮಣ್ಣು ಸಾಲಾಗಿ ಕೂತಿರುವಾಗ ಕಾಲು ಒದ್ದೆ ಮಾಡಿಕೊಳ್ಳುವವರು ಯಾರು?

ಕೇಳುವಮ್ಮ ಎಡ ಮೊಣಕಾಲು ಸವರಿಕೊಂಡಳು. ಆಮೇಲೆ ತೆಪ್ಪದವಳ ಬಟ್ಟಲನ್ನು ಬೋರಲು ಹಾಕಿದಳು. ಆ ಊರಿನಲ್ಲಿ ಅದಕ್ಕೆ ಮಾತು ಮುಚ್ಚುವುದು ಎನ್ನುತ್ತಾರೆ. ಮಾತು ಮುಚ್ಚಿಸಿಕೊಂಡವರು ಆಚೆ ದಡಕ್ಕೆ ಹೋಗಬೇಕು. ಅವರನ್ನು ಯಾರೂ ಏನೂ ಕೇಳುವಂತಿಲ್ಲ, ಅವರು ಹೇಳಿದರೆ ಕಿವಿಗೊಡುವಂತಿಲ್ಲ. ಹಿಂದೆ ಹಾಗೆ ಹೋದವರು ಬಹಳ ದಿನ ಬದುಕಿರಲಿಲ್ಲ. ಮೊದಲು ಅವರು ಮಾತು ಮರೆಯುತ್ತಿದ್ದರು, ಆಮೇಲೆ ಹಸಿವು ಮರೆಯುತ್ತಿದ್ದರು, ಆಮೇಲೆ ಉಸಿರು. ಊರು ಯಾರನ್ನೂ ಕೊಲ್ಲುತ್ತಿರಲಿಲ್ಲ. ಆ ಬಗ್ಗೆ ಊರಿಗೆ ಹೆಮ್ಮೆಯಿತ್ತು.

ಮಾತು ಮುಚ್ಚಿಸಿಕೊಂಡವರನ್ನು ಮುಚ್ಚಿದ ಕೈಯೇ ಆಚೆ ದಡ ಮುಟ್ಟಿಸಿ ಬರಬೇಕು ಎಂಬುದೂ ಕಟ್ಟಳೆ. ಹಾಗಾಗಿ ಕೇಳುವಮ್ಮ ಆ ಹಳೆಯ ದಿನದ ನಂತರ ಮೊದಲ ಸಲ ತೆಪ್ಪ ಹತ್ತಿದಳು. ಹಗ್ಗ ಎಳೆದವಳು ತೆಪ್ಪದವಳೇ. ತನ್ನನ್ನು ತಾನೇ ಗಡೀಪಾರು ಮಾಡಿಕೊಳ್ಳುತ್ತ, ತೆಪ್ಪ ಅಲುಗಾಡದಂತೆ ಜೋಪಾನವಾಗಿ ಎಳೆದಳು.

ಅವರು ಆಚೆ ದಡ ಮುಟ್ಟಿದ್ದೇ ತಡ ಹೊಳೆಗೆ ಕೆಂಪು ನೀರು ಬಂತು. ಮೇಲೆಲ್ಲೋ ಬೆಟ್ಟದಲ್ಲಿ ಮಳೆ. ಹಿಂದಿರುಗುವಂತಿರಲಿಲ್ಲ. ತೆಪ್ಪದವಳು ಮಳೆಗಾಲಕ್ಕೆಂದು ಹಿಂದೆಯೇ ಅಲ್ಲಿ ಕಟ್ಟಿಕೊಂಡಿದ್ದ ಜೊಂಡಿನ ಗುಡಿಸಲಿನಲ್ಲಿ ಕೇಳುವಮ್ಮ ಉಳಿಯಬೇಕಾಯಿತು. ಒದ್ದೆ ಸೀರೆಯನ್ನು ದಡದ ಹಳೆಯ ಗೂಟದ ಮೇಲೆ ಹರವಿ ಒಣಗಿಸಿದಳು. ತೆಪ್ಪದವಳು ಅದನ್ನು ನೋಡಿ ಬಾಯಿ ತೆರೆದು, ಮತ್ತೆ ಮುಚ್ಚಿದಳು. ಮರುದಿನ ಅಂಗೈಯಲ್ಲಿ ಒಂದಷ್ಟು ಮರಳು ಹಿಡಿದು ಬಂದು ಎದುರು ನಿಂತಳು.

"ನಿನ್ನ ಮಾತು ಮುಚ್ಚಿದೆ" ಎಂದು ಕೇಳುವಮ್ಮ ಮುಖ ತಿರುಗಿಸಿದಳು.

ತೆಪ್ಪದವಳು ಮರಳು ಕೆಳಗೆ ಸುರಿದು ಮೀನು ಸುಡಲು ಹೋದಳು. ಸುಟ್ಟ ಮೀನನ್ನು ಎಲೆಯಲ್ಲಿಟ್ಟು ಕೊಟ್ಟಳು. ಕೇಳುವಮ್ಮ ಮುಟ್ಟಲಿಲ್ಲ. ಮರುದಿನ ಹಸಿವು ತಡೆಯದೆ ಮೂಗು ಹಿಡಿದು ತಿಂದಳು. ಅದರ ಮರುದಿನ ಮೂಗು ಹಿಡಿಯಲಿಲ್ಲ. ಹೀಗೆ ದಿನಗಳು ಹೋದವು. ಒಬ್ಬಳು ಕೇಳುವಂತಿಲ್ಲ, ಇನ್ನೊಬ್ಬಳು ಹೇಳುವಂತಿಲ್ಲ. ಇಬ್ಬರೂ ಒಂದೇ ಮರಳಿನ ಮೇಲೆ ಮಲಗಿ, ಒಂದೇ ಒಲೆಯ ಹೊಗೆ ಕುಡಿದರು. ಮೀನಿನ ವಾಸನೆ ಯಾವಾಗ ನಿಂತಿತು ಎಂಬುದು ಕೇಳುವಮ್ಮನಿಗೆ ತಿಳಿಯಲೇ ಇಲ್ಲ. ನಿಂತಿತು ಎಂಬುದೂ ತಿಳಿಯಲಿಲ್ಲ.

ನೀರು ಇಳಿದ ಮೇಲೆ ಆಕೆ ಒಬ್ಬಳೇ ಹಗ್ಗ ಎಳೆದುಕೊಂಡು ಊರಿಗೆ ಬಂದಳು. ಅಂಗೈ ಕಿತ್ತುಹೋಗಿತ್ತು. ಮೆಟ್ಟಿಲು ಹತ್ತಿ, ಬೀದಿ ದಾಟಿ, ತನ್ನ ಅಂಗಳಕ್ಕೆ ಕಾಲಿಟ್ಟಳು, ಅಲ್ಲೇ ನಿಂತುಬಿಟ್ಟಳು. ಗಪ್ಪೆಂದು ಒಂದು ವಾಸನೆ ಹೊಡೆಯಿತು.

ಹುಳಿತ ಮಜ್ಜಿಗೆ. ಸಾಂಬ್ರಾಣಿಯ ಬೂದಿ. ಗುಬ್ಬಿಯ ಹಿಕ್ಕೆ. ಎಲ್ಲದರ ಅಡಿಯಲ್ಲಿ, ಎಷ್ಟೋ ಕಾಲದಿಂದ ತೆರೆಯದ ಪೆಟ್ಟಿಗೆಯೊಳಗಿನ ಹಳೆಯ ಸೀರೆಯ ಮುಗ್ಗಲು ವಾಸನೆ. ಯಾರ ಮನೆಯಪ್ಪ ಇದು ಎಂದುಕೊಂಡಳು. ಮನೆ ಆಕೆಯದೇ. ಪೆಟ್ಟಿಗೆ ಆಕೆಯದೇ. ಸೀರೆ ಆಕೆಯ ತಾಯಿಯದು. ಹುಟ್ಟಿದಂದಿನಿಂದ ಬಾಳಿದ ಮನೆಗೆ ಇಷ್ಟೊಂದು ವಾಸನೆಯಿದೆ ಎಂದು ಆಕೆಗೆ ಅಂದೇ ಗೊತ್ತಾದದ್ದು.

ಒಳಗೆ ಹೋಗಲಿಲ್ಲ. ನೇರ ಚಾವಡಿಗೆ ನಡೆದಳು. ಬಟ್ಟಲುಗಳು ಇನ್ನೂ ಸಾಲಾಗಿ ಕೂತಿದ್ದವು. ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳದೆ ಮೊದಲ ಬಟ್ಟಲಿನ ಎಲೆ ತೆಗೆದಳು. ಹುಳಿತ ಮಜ್ಜಿಗೆ, ಸಾಂಬ್ರಾಣಿ, ಹಳೆಯ ಸೀರೆ. ಮಣ್ಣಿನಲ್ಲಿ ನವಣೆಯ ಹೊಟ್ಟು ಹೊಳೆಯುತ್ತಿತ್ತು. ಎರಡನೆಯದನ್ನು ತೆಗೆದಳು. ನವಣೆಯ ಹೊಟ್ಟು. ಮುಂದಿನದನ್ನು ತೆಗೆದಳು. ನವಣೆಯ ಹೊಟ್ಟು. ಸಾಲಿನ ಕೊನೆಯವರೆಗೂ ಅದೇ ಮಣ್ಣು, ಅದೇ ವಾಸನೆ, ತಾನು ಗುಬ್ಬಿಗೆ ಚೆಲ್ಲಿದ ಅದೇ ನವಣೆ. ಊರೆಲ್ಲ ಸೇರಿ ಸಾಕ್ಷಿ ಹೇಳಿದೆ ಎಂದುಕೊಂಡಿದ್ದಳು. ಹೇಳಿದವಳು ತಾನೊಬ್ಬಳೇ. ತನ್ನ ಬಾಯಿಂದ ಹೊರಟದ್ದು ಊರು ಸುತ್ತಿ, ಬಟ್ಟಲುಗಳಲ್ಲಿ ಕೂತು, ತನ್ನ ಮುಂದೆಯೇ ಬಂದಾಗ ತಾನು ಅದಕ್ಕೆ ಶುದ್ಧ ಎಂದಿದ್ದಳು.

ಆಕೆಗೆ ನಾಚಿಕೆಯಾಯಿತು. ಮೈಯೆಲ್ಲ ಉರಿಯುವಂಥ, ಎಲ್ಲಿ ಅಡಗಲಿ ಎನ್ನಿಸುವಂಥ ನಾಚಿಕೆ. ಅದರ ಹಿಂದೆಯೇ ಇನ್ನೊಂದು ಬಂತು: ಇಷ್ಟು ವರ್ಷಗಳಲ್ಲಿ ನಾನು ಯಾವುದಕ್ಕೆಲ್ಲ ಶುದ್ಧ ಮಣ್ಣು ಎಂದಿದ್ದೆ? ಯಾರ ಬಟ್ಟಲನ್ನೆಲ್ಲ ಬೋರಲು ಹಾಕಿದ್ದೆ? ಮುಖಗಳು ನೆನಪಿಗೆ ಬರತೊಡಗಿದವು. ಬೇಡ ಬೇಡವೆಂದರೂ ಬಂದವು. ಆಕೆ ಮಣೆಯ ಮೇಲೆ ಕೂರಲಾರದೆ ನೆಲದ ಮೇಲೆ ಕೂತಳು.

ಊರನ್ನು ಕರೆಸಿದಳು. ಜನ ಬಂದು ನಿಂತಾಗ ಬಟ್ಟಲನ್ನು ಎತ್ತಿ ಹಿಡಿದಳು.

"ಇದು ನನ್ನ ಅಂಗಳದ ಮಣ್ಣು."

"ಹೌದಮ್ಮ" ಎಂದಳು ಹೂವಿನವಳು.

"ನಿನಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನಮ್ಮ? ಅಲ್ಲೇ ತಾನೆ ನಿಂತು ಕೇಳಿದ್ದು? ನಿಮ್ಮಂಗಳದ ವಾಸ್ನೆ ಯಾರಿಗ್ ಗೊತ್ತಿಲ್ಲ?"

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

ಹೂವಿನವಳು ಗೊಂದಲದಿಂದ ಅಕ್ಕಪಕ್ಕ ನೋಡಿದಳು. "ಬಾಯಲ್ಲಿ ಹೇಳೋ ಹಂಗಿಲ್ವಲ್ಲಮ್ಮ, ಮಣ್ಣೇ ಹೇಳ್ಬೇಕು. ನೀವು ಮೂಸಿ ಶುದ್ಧ ಅಂದ್ರಿ. ನಿಮ್ಮ ಮನೆ ವಾಸ್ನೆ ನಿಮಗೆ ಗೊತ್ತಿರಲ್ಲ ಅಂತ ಯಾರಿಗನ್ಸತ್ತೆ?"

"ನಿಮ್ಮಂಗಳಕ್ಕಿಂತ ನಂಬೋ ಜಾಗ ಊರಲ್ಲಿ ಯಾವ್ದಿದೆ ಹೇಳಿ" ಎಂದಳು ಕುಂಬಾರಗಿತ್ತಿ, ಮೆಚ್ಚಿಸುವ ದನಿಯಲ್ಲಿ. ಎಣ್ಣೆಯವನು ಇನ್ನೂ ಉತ್ಸಾಹದಿಂದ ಹೇಳಿದ: "ಮಾತು ಗೆಲ್ಬೇಕು ಅಂದ್ರೆ ಕೇಳುವಮ್ಮನ ಅಂಗಳದಲ್ಲಿ ನಿಂತು ಕೇಳಿಸ್ಕೊಂಡು ಹೋಗಿ ಅಂತ ನಮ್ಮಪ್ಪಾನೇ ಹೇಳ್ಕೊಟ್ಟಿದ್ದು. ಅದು ಎಲ್ಲರಿಗೂ ಗೊತ್ತಿರೋದೇ ಅಲ್ವೇ?"

ಎಲ್ಲರೂ ತಲೆದೂಗಿದರು. ಅದೇ ಹಳೆಯ ತಲೆದೂಗುವಿಕೆ. ಅವರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ, ಯಾರೂ ಕಟ್ಟಳೆ ಮೀರಿರಲಿಲ್ಲ. ಯಾರಾದರೂ ಮೀರಿದ್ದರೆ ಅವರ ಮೇಲೆ ಸಿಟ್ಟಾಗಿಯಾದರೂ ಆಕೆ ಸ್ವಲ್ಪ ಹಗುರಾಗುತ್ತಿದ್ದಳು. ಅದಕ್ಕೂ ದಾರಿ ಇರಲಿಲ್ಲ. ಆಕೆ ತಲೆ ತಗ್ಗಿಸಿ ಮನೆಗೆ ಹೋದಳು. ತಾಯಿಯ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ಕೂತಿದ್ದಳು, ತೆರೆಯಲಿಲ್ಲ.

ಬೆಳಗಾಗುತ್ತಲೇ ಹೊಳೆಗೆ ಇಳಿದಳು. ಕಿತ್ತ ಅಂಗೈಗೆ ಬಟ್ಟೆ ಸುತ್ತಿ ಹಗ್ಗ ಎಳೆದಳು. ಆಚೆ ದಡದಲ್ಲಿ ಯಾರೂ ಕಾಣಲಿಲ್ಲ. ಗುಡಿಸಲಿನಲ್ಲಿ ಒಲೆ ತಣ್ಣಗಿತ್ತು. ಹಿಡಿದ ಮೀನು ಬುಟ್ಟಿಯಲ್ಲೇ ಒಣಗಿತ್ತು. ಮಾತು ಮರೆತವರು ಆಮೇಲೆ ಹಸಿವು ಮರೆಯುತ್ತಾರೆ. "ಏ ತೆಪ್ಪದವಳೇ" ಎಂದು ಕೂಗಿದಳು. ಮತ್ತೆ ಕೂಗಿದಳು. ಜೊಂಡು ಅಲುಗಾಡಿತು.

ಜೊಂಡಿನ ಆಚೆ ತೆಪ್ಪದವಳು ನೀರಿಗೆ ಮುಖ ಮಾಡಿ ಕೂತಿದ್ದಳು. ಕೇಳುವಮ್ಮನನ್ನು ನೋಡಿ ತುಟಿ ಅಲ್ಲಾಡಿಸಿದಳು. ಮಾತು ಬರಲಿಲ್ಲ.

ಕೇಳುವಮ್ಮ ಅವಳ ಕೈ ಹಿಡಿದು ಎಬ್ಬಿಸಿ, ಹಳೆಯ ಗೂಟದ ಹತ್ತಿರ ಕರೆದುಕೊಂಡು ಬಂದಳು. ತಾನು ಸೀರೆ ಒಣಗಹಾಕಿದ್ದ ಗೂಟ. ಈಗ ಬಗ್ಗಿ ನೋಡಿದಳು. ಗಂಟು ಗೂಟದಲ್ಲೇ ಇತ್ತು, ಬಿಗಿಯಾಗಿ, ಯಾರೂ ಬಿಚ್ಚದೆ. ಅದರಿಂದ ಒಂದು ಗೇಣು ಹಗ್ಗ ಜೋತಾಡುತ್ತಿತ್ತು. ತುದಿಯಲ್ಲಿ ಎಳೆಗಳು ಒಂದೊಂದಾಗಿ ಸವೆದು ತೆಳ್ಳಗಾಗಿ ಹರಿದಿದ್ದವು. ಅದರ ಮೇಲೆಯೇ ತನ್ನ ಸೀರೆ ಹರವಿ ದಿನಗಟ್ಟಲೆ ಎದುರು ಕೂತಿದ್ದಳು ಆಕೆ.

ಕೇಳುವಮ್ಮ ಮರಳಿನ ಮೇಲೆ ಮೊಣಕಾಲೂರಿ ಎರಡೂ ಅಂಗೈ ಚಾಚಿದಳು. "ಎಲ್ಲಿ ನಿಂತು ಕಂಡೆ?" ಎಂದಳು. "ನಿನ್ನ ಮಾತು ಮುಚ್ಚಿದ್ದು ನನ್ನ ತಪ್ಪು. ಕೇಳೋಕೆ ಬಂದಿದ್ದೀನಿ. ಹೇಳು."

ತೆಪ್ಪದವಳು ಬಗ್ಗಿದಳು. ತನ್ನ ಕಾಲಡಿಯ ಮರಳನ್ನು ಒಂದು ಹಿಡಿ ಎತ್ತಿ ಆ ಅಂಗೈಗಳಲ್ಲಿ ಇಟ್ಟಳು. ಕೇಳುವಮ್ಮ ಅದನ್ನು ಮೂಗಿಗೆ ಹಿಡಿದು ಪೂರ್ತಿ ಉಸಿರೆಳೆದಳು. ಮೀನು, ಪಾಚಿ, ಕೊಳೆತ ಹಗ್ಗ. ಒಂದೂ ಸುಳ್ಳಾಗಿರಲಿಲ್ಲ.

"ಹ... ಹಗ್ಗ" ಎಂದಳು ತೆಪ್ಪದವಳು. ಮಾತು ತುಕ್ಕು ಹಿಡಿದ ಬೀಗದಂತೆ ಕಷ್ಟಪಟ್ಟು ತೆರೆಯಿತು. "ಹಗ್ಗ ಹರೀತು ತಾಯಿ. ಅಜ್ಜನ ಕೈ ನನ್ನ ಬೆರಳಿಗೆ ತಗುಲ್ತು. ಹಿಡಿಯಕ್ಕಾಗ್ಲಿಲ್ಲ."

ಅವಳು ಅತ್ತಳು. ಅಜ್ಜನಿಗಾಗಿ ಅವಳಿಗೆ ಅಳಲು ಅಲ್ಲಿಯವರೆಗೆ ಯಾರೂ ಬಿಟ್ಟಿರಲಿಲ್ಲ. ಕೇಳುವಮ್ಮ ಕೂತು ಕೇಳಿದಳು. ಅಳು ನಿಂತ ಮೇಲೆ, ಎಂದೋ ಕೇಳಬೇಕಾಗಿದ್ದನ್ನು ಕೇಳಿದಳು.

"ಆವತ್ತು ನಮ್ಮವ್ವನಿಗೆ ಹುಷಾರಿಲ್ಲದ ದಿನ. ನಾನು ಕೂಗಿದೆ. ನೀನು ತಿರುಗಿ ನೋಡಿದೆ. ಯಾಕೆ ಕಾಯಲಿಲ್ಲ?"

"ಇವತ್ತು ಕೇಳ್ತಿದೀರಾ" ಎಂದಳು ತೆಪ್ಪದವಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತು. "ಈ ದಡದಿಂದ ಸೀರೆ ಬೀಸ್ತಿದ್ರು ತಾಯಿ. ಜೀವ ಹೋಗೋ ಹೊತ್ತಲ್ಲಿ ಹಂಗ್ ಬೀಸೋದು. ಒಂದ್ ಗಳಿಗೆ ನಿಂತ್ರೂ ತಪ್ಪೋಗ್ತದೆ ಅಂತ ಎಳ್ದೆ. ನಿಮ್ಮವ್ವನ್ನ ನಿಮ್ಮ ಹತ್ರ ಕರ್ಕೊಂಡ್ ಬರಾಕೇ ಹೋಗಿದ್ದು ನಾನು. ಇಲ್ಲೇ ಮರಳ ಮೇಲೆ ಮಲಗಿಸಿದ್ರು. ತೆಪ್ಪ ಹತ್ತಿಸೋಕಾಗ್ಲಿಲ್ಲ. ನನ್ನ ಕೈ ಹಿಡ್ಕೊಂಡು ಒಂದ್ ಮಾತ್ ಹೇಳಿದ್ರು. ಆ ಸಂಜೆ ಇಲ್ಲಿನ್ ಮರಳು ತಗೊಂಡು ನಿಮ್ಮ ಬಾಗಿಲಿಗೆ ಬಂದೆ. ಮೀನು ವಾಸ್ನೆ, ಆಚೆ ಹೋಗು ಅಂದ್ರಿ."

ಕೇಳುವಮ್ಮ ಅವಳ ಹತ್ತಿರ ಸರಿದಳು. "ಏನು ಹೇಳಿದಳು?"

"ನನ್ನ ಮಗಳು ಓಡಿ ಬರ್ತಾಳೆ, ಅವಸರಗೇಡಿ, ಮೆಟ್ಟಿಲ ಮೇಲೆ ಬಿದ್ದು ಕಾಲು ಮುರ್ಕೊಂತಾಳೆ. ನಿಧಾನಕ್ಕೆ ಬರಕ್ಕೆ ಹೇಳು ಅಂದ್ರು."

ಹೊಳೆ ಹರಿಯುತ್ತಿತ್ತು. ಕೇಳುವಮ್ಮ ಎಡ ಮೊಣಕಾಲಿನ ಹಳೆಯ ಕಲೆಯ ಮೇಲೆ ಕೈಯಿಟ್ಟಳು. "ಬಿದ್ದಿದ್ದೆ" ಎಂದಳು.

"ಗೊತ್ತು. ಬಾಗಿಲಲ್ಲಿ ನಿಂತಾಗ ರಕ್ತ ನೋಡಿದೆ."

ಹಿಂದಿರುಗುವಾಗ ಕೇಳುವಮ್ಮ ಹಗ್ಗಕ್ಕೆ ಕೈ ಹಾಕಿದಳು. "ನೀವು ಎಳೆದ್ರೆ ಇಬ್ರೂ ಮಡುವಿಗೆ ಹೋಗ್ತೀವಿ, ಕೂತ್ಕಳಿ" ಎಂದು ತೆಪ್ಪದವಳು ಹಗ್ಗ ಕಿತ್ತುಕೊಂಡಳು. ಮೆಟ್ಟಿಲ ಮೇಲೆ ಊರು ಸೇರಿತ್ತು. ಅವರನ್ನು ನೋಡಿದ್ದೇ ಕೇಳುವಮ್ಮ, ತೆಪ್ಪ ಇನ್ನೂ ದಡ ಮುಟ್ಟುವ ಮುಂಚೆ, ಹೇಳುವ ಆತುರಕ್ಕೆ ಎದ್ದು ನಿಂತಳು.

"ನಿಧಾನ ತಾಯಿ" ಎಂದಳು ತೆಪ್ಪದವಳು.

ಆಕೆ ಕೂತಳು. ತೆಪ್ಪ ಮುಟ್ಟಿದ ಮೇಲೆ ಇಳಿದಳು. ಮಾತು ಮುಚ್ಚಿಸಿಕೊಂಡವರ ಮಾತು ತೆರೆಯಬೇಕಾದರೆ ಅವರ ಮಣ್ಣನ್ನು ಅಂಗೈಯಲ್ಲಿ ಹಿಡಿದು, ಎಲೆ ಮುಚ್ಚದೆ, ಊರ ನಡುವೆ ಚಾವಡಿಯವರೆಗೆ ನಡೆಯಬೇಕು. ಆ ಊರಿನಲ್ಲಿ ಯಾರೂ ಅಂದಿನವರೆಗೆ ಹಾಗೆ ನಡೆದಿರಲಿಲ್ಲ. ಕೇಳುವಮ್ಮ ಆಚೆ ದಡದ ಮರಳು ಹಿಡಿದು ಮುಂದೆ ನಡೆದಳು, ತೆಪ್ಪದವಳು ಹಿಂದೆ. ಜನ ಮೂಗಿಗೆ ಸೆರಗು, ಟವೆಲ್ಲು ಹಿಡಿದು ದಾರಿ ಬಿಟ್ಟರು.

ಚಾವಡಿಗೆ ಹೋಗುವ ದಾರಿಯಲ್ಲಿ ಆಕೆಯ ಮನೆ ಬರುತ್ತದೆ. ಅಂಗಳದ ಮುಂದೆ ಬಂದಾಗ ಆಕೆ ನಿಂತಳು. ಆ ವಾಸನೆ ಹೊಡೆಯುತ್ತದೆ ಎಂದು ಉಸಿರು ಬಿಗಿಹಿಡಿದು ಕಾದಳು. ಆಮೇಲೆ ಉಸಿರೆಳೆದಳು. ಇನ್ನೊಮ್ಮೆ ಎಳೆದಳು. ಏನೂ ಇಲ್ಲ. ನಿನ್ನೆ ಒಂದು ರಾತ್ರಿ ಮನೆಯಲ್ಲಿ ಮಲಗಿದ್ದಕ್ಕೇ ಅದು ಹೊರಟುಹೋಗಿತ್ತು. ಅಂಗಳ ಮತ್ತೆ ಶುದ್ಧವಾಗಿತ್ತು. ಆಕೆಗೆ ಹೆದರಿಕೆಯಾಯಿತು. ತಿರುಗಿ ನೋಡಿದಳು. ತೆಪ್ಪದವಳು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು.

"ಇದೆಯಾ?" ಎಂದು ಕೇಳಿದಳು ಕೇಳುವಮ್ಮ.

"ಇದೆ ತಾಯಿ."

ಕೇಳುವಮ್ಮ ತಲೆ ತಗ್ಗಿಸಿದಳು. ಆಮೇಲೆ ಒಂದು ಪಕ್ಕಕ್ಕೆ ಸರಿದು, ತೆಪ್ಪದವಳನ್ನು ತನ್ನ ಮುಂದೆ ಬಿಟ್ಟುಕೊಂಡು ಚಾವಡಿಯ ಕಡೆಗೆ ನಿಧಾನವಾಗಿ ನಡೆದಳು.